ನಾಲ್ಕನೇ ಮಿಸ್ಡ್ ಕಾಲ್

ಲಿಂಗರಾಜಪುರದ ಟೈಲರ್ ಅಂಗಡಿಯ ಮಹಡಿಯಲ್ಲಿ
ಶನಿವಾರ ಸಂಜೆ ಚಾಪೆ ಹಾಸುತ್ತಿದ್ದೆವು.
ಹದಿನಾಲ್ಕು ಜೊತೆ ಚಪ್ಪಲಿ ಹೊರಗೆ,
ಒಳಗೆ ಮನಸ್ಸಿನ ಮಾತು.
ಮನಸ್ಸಿನ ಮಾತು ಅಂದರೆ ಏನು,
ಕೇರಂ ಆಡುತ್ತ, ಮುಖ ನೋಡದೆ,
ಹೇಳಿಬಿಡುವ ಮಾತು.

ಮಾರ್ಚಿಯಲ್ಲಿ ಬೀಗ ಬಿತ್ತು.
ಮೇಲಿನ ಕಚೇರಿಯ ಆದೇಶ:
ಕಾರ್ಯಕ್ರಮವನ್ನು ಆನ್‌ಲೈನಿಗೆ ಒಗ್ಗಿಸಿ.
ಒಗ್ಗಿಸಿದೆವು.
ಮೊದಲ ದಿನ ಪರದೆಯಲ್ಲಿ ನಾನು, ಜಸಿಂತಾ,
ಮತ್ತು ಯಾರದೋ ಮನೆಯ ಫ್ಯಾನು.

"ಕರೆನ್ಸಿ ಇಲ್ಲ ಮೇಡಂ" ಎಂದ ಬಿಪುಲ್,
ಮೋಮೋ ಅಂಗಡಿ ಮುಚ್ಚಿ ಕೋಣೆ ಸೇರಿದವ.
"ಇದ್ದರೂ ಹೇಗೆ ಮಾತಾಡಲಿ,
ಇಲ್ಲಿ ಎಂಟು ಜೊತೆ ಕಿವಿ."

ಆಮೇಲೆ ಹೀಗೆ ಗೊತ್ತುಮಾಡಿಕೊಂಡೆವು.
ಒಂದು ಮಿಸ್ಡ್ ಕಾಲ್ ಅಂದರೆ, ಇದ್ದೇನೆ.
ಎರಡಾದರೆ, ಬಿಡುವಾದಾಗ ಮಾಡಿ.
ಮೂರಾದರೆ ಈಗಲೇ, ಎಂಜಲು ಕೈಯಲ್ಲಾದರೂ.
ನಾಲ್ಕರ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ಸಿರ್ಜನಾ ನೇಪಾಳದ ಅಛಾಮಿನವಳು.
ಈಗ ಹೆಣ್ಣೂರಿನ ಅಪಾರ್ಟ್‌ಮೆಂಟಿನಲ್ಲಿ
ಮೆಟ್ಟಿಲ ಕೆಳಗಿನ ಕೋಣೆ, ಅಪ್ಪ ವಾಚ್‌ಮನ್.
ಅಪ್ಪ ತೂಕಡಿಸಿದರೆ ಜ್ವರ ನೋಡುವ ಗನ್ನು ಇವಳ ಕೈಗೆ.
ಬಂದವರ ಹಣೆಗೆಲ್ಲ ಗುರಿಯಿಟ್ಟು
ತೊಂಬತ್ತೇಳು, ತೊಂಬತ್ತೆಂಟು, ಹೋಗಿ ಅನ್ನುತ್ತಾಳೆ.

ಅವಳ ಏಕಾಂತ ಹನ್ನೆರಡೇ ನಿಮಿಷ:
ಸಂಜೆ ಸಂಪಿನ ಮೋಟರು ಹಾಕಿದಾಗ
ತಾರಸಿಯ ಕರಿ ಟ್ಯಾಂಕಿಗೆ
ನೀರು ಧುಮುಕುವ ಸದ್ದಿನ ಹಿಂದೆ.
ಮೋಟರು ನಿಂತಿತೋ, ದನಿಯೇ ಬೇರೆ:
"ಹಾಂ ಮೇಡಂ, ಬೀಜಗಣಿತ ಮುಗೀತು."

ನನ್ನ ಬಳಿ ಪ್ರಶ್ನಾವಳಿ.
ಕಳೆದ ಎರಡು ವಾರದಲ್ಲಿ ಎಷ್ಟು ದಿನ ಬೇಸರವಾಯಿತು?
"ಬೇಸರ ಅಲ್ಲ, ನ್ಯಾಸ್ರೋ."
ಹಾಗಂದರೆ?
ಸ್ವಲ್ಪ ಹೊತ್ತು ಬರೀ ನೀರು.
"ಅಪ್ಪ ಇಲ್ಲೇ, ಅಮ್ಮ ಇಲ್ಲೇ,
ಆದ್ರೂ ಸಂಜೆ ಆಗ್ತದಲ್ಲ, ಆವಾಗ...
ನಿಮ್ಮಲ್ಲಿ ಏನಂತಾರೆ?"

ನಮ್ಮಲ್ಲಿ. ಹುಡುಕಿದೆ.
ಹಂಬಲ ಅಲ್ಲ, ಕೊರಗು ಅಲ್ಲ.
ಬಿಕೋ ಅನ್ನುವುದು ಹತ್ತಿರ ಬಂತು,
ಹತ್ತಿರ ಅಷ್ಟೇ.
ಸೊನ್ನೆಯಿಂದ ಮೂರರವರೆಗಿನ ಚೌಕಗಳ ಪಕ್ಕ
ಪೆನ್ಸಿಲಿನಲ್ಲಿ ಬರೆದಿಟ್ಟೆ, ನ್ಯಾಸ್ರೋ.
ಜಸಿಂತಾ ಅದನ್ನು ಮಾತ್ರೆಯ ಹೆಸರು ಅಂದುಕೊಂಡಳು.

ಜೋನಾಸ್ ಕಾಂಗೋದವ. ಮಹಡಿಗೆ ಬಂದವನೇ ಅಲ್ಲ,
ಬಿಪುಲ್ ಕೊಟ್ಟ ನಂಬರು.
ವೀಸಾ ಮುಗಿದಿದೆ, ವಿಮಾನ ನಿಂತಿದೆ,
"ಯಾವಾಗ ಖಾಲಿ ಮಾಡ್ತೀಯ" ಅನ್ನುವುದೊಂದೇ
ಅವನಿಗೆ ಪೂರ್ತಿ ಅರ್ಥವಾಗುವ ಕನ್ನಡ.
ಎಷ್ಟು ಸಲ ಮಾಡಿದರೂ ಎತ್ತುವುದಿಲ್ಲ.
ರಾತ್ರಿ ಒಂಬತ್ತಕ್ಕೆ ಒಂದು ಮಿಸ್ಡ್ ಕಾಲ್ ಮಾತ್ರ ತಪ್ಪದು.
ಇದ್ದಾನೆ ಅಂದುಕೊಂಡು ಸಾರು ಬಡಿಸಿಕೊಳ್ಳುತ್ತೇನೆ.

ಜುಲೈಯ ಒಂದು ರಾತ್ರಿ, ಹನ್ನೊಂದೂವರೆ,
ಮೋಟರು ಓಡದ ಹೊತ್ತು, ಸಿರ್ಜನಾಳ ನಂಬರು.
ಒಂದು. ಎರಡು. ಮೂರು.
ನಾಲ್ಕು.
ಪೊಲೀಸ್ ಪಾಸು ಎಲ್ಲಿ, ಸ್ಕೂಟರಿನ ಕೀ ಎಲ್ಲಿ,
ಹೆಣ್ಣೂರಿಗೆ ಎಷ್ಟು ಬ್ಯಾರಿಕೇಡು,
"ಏನಾಯ್ತು ಮರಿ?"
"ಏನಿಲ್ಲ."
"ನಾಲ್ಕು ಕೊಟ್ಟೆಯಲ್ಲೇ!"
"ನಾಲ್ಕಂದ್ರೆ ಸುಮ್ನೆ ಮೇಡಂ.
ನಾವ್ ಮೂರು ಜನ ಸೇರಿ ಮಾಡಿದ್ವಿ,
ನಿಮ್ಗೆ ಹೇಳೋದು ಮರ್ತ್ವಿ."
ಮೂರು ಜನ ಯಾರು?
"ನಾನು, ಬಿಪುಲ್, ಜೋನಾಸ್."
ಜೋನಾಸ್ ಮಾತಾಡುತ್ತಾನೆಯೇ?
"ಅಯ್ಯೋ, ತಲೆ ತಿಂತಾನೆ.
ನಿಮ್ಮ ಹತ್ರ ಮಾತ್ರ ಆಡಲ್ಲ."
ಬೈಯಬೇಕೆಂದಿದ್ದೆ. ಬೈದೆ ಕೂಡ, ಸ್ವಲ್ಪ.

ತಿಂಗಳ ವರದಿಯಲ್ಲಿ
ಕರೆಗೆ ಕಾರಣ ಎಂಬ ಕಾಲಮ್ಮಿನಲ್ಲಿ
ಸುಮ್ಮನೆ ಎಂದು ಬರೆದೆ.
ವಿವರಿಸಿ ಎಂದು ವಾಪಸು ಬಂದಿದೆ.

ಟೈಲರ್ ಸಮೀವುಲ್ಲಾ ನಮ್ಮ ಕೇರಂ ಬೋರ್ಡಿನ ಮೇಲೆ
ಬಟ್ಟೆ ಹಾಸಿ ಮಾಸ್ಕು ಕತ್ತರಿಸುತ್ತಾನಂತೆ. ಕತ್ತರಿಸಲಿ.

ನಿನ್ನೆ ರಾತ್ರಿ ಊಟವಾದ ಮೇಲೆ
ಜೋನಾಸನಿಗೆ ನಾನೇ ನಾಲ್ಕು ಕೊಡಲು ಹೊರಟೆ.
ಮೂರಕ್ಕೇ ಗಾಬರಿಯಾಗಿ ಎತ್ತಿಬಿಟ್ಟ.
"ಮೇಡಂ?" ಅಂದ.
ಅವನ ದನಿ ಅಷ್ಟು ದಪ್ಪ ಎಂದು
ನನಗೆ ಗೊತ್ತಿರಲಿಲ್ಲ.